ಅಮ್ಮನ ಪಾಲಿನ ಏಳು ಮರ

ಪೀಸ್ಲಿ ಗುಡ್ಡ, ನ್ಯೂ ಹ್ಯಾಂಪ್‌ಶಿರ್
9 ಅಕ್ಟೋಬರ್ 1843

ಮಗಳೇ ಲವೀನಾ,

ನಿನ್ನ ಅಣ್ಣ ಜೋಥಮ್‌ಗೆ ತಲೆ ಕೆಟ್ಟಿದೆ. ಕ್ಷೇಮ ಸಮಾಚಾರ ಆಮೇಲೆ ಬರೆಯುತ್ತೇನೆ, ಮೊದಲು ಇದು.

ಆಗಸ್ಟ್‌ನಲ್ಲಿ ಬಾಸ್ಟನ್ ಕಡೆಯಿಂದ ಪಾನನಿರೋಧದ ಉಪನ್ಯಾಸಕನೊಬ್ಬ ಬಂದಿದ್ದ. ಮೂರು ಸಂಜೆ ಪ್ರಾರ್ಥನಾ ಮಂದಿರದಲ್ಲಿ ನಿಂತು ಅತ್ತ. ಕುಡುಕನ ಹೊಟ್ಟೆ ಒಳಗಿನಿಂದ ಹೇಗಿರುತ್ತದೆ ಎಂದು ಬಣ್ಣದ ಚಿತ್ರ ತೋರಿಸಿದ. ನಿನ್ನ ಅತ್ತಿಗೆ ಡಾರ್ಕಸ್ ಅದನ್ನು ನೋಡಿ ಮಾರನೆಯ ದಿನ ಊಟ ಬಿಟ್ಟಳು. ಜೋಥಮ್ ಪ್ರತಿಜ್ಞೆಗೆ ಸಹಿ ಹಾಕಿ ಬಂದ. ರಮ್ ಮುಟ್ಟುವುದಿಲ್ಲವಂತೆ. ಇವನು ಯಾವತ್ತು ಮುಟ್ಟಿದ್ದ? ಆದರೆ ಸೈಡರ್ ಕೂಡ ಪಾಪವಂತೆ. ನಮ್ಮ ತೋಟದ ಸೇಬನ್ನು ನಾವೇ ಹಿಂಡಿ, ನಮ್ಮ ಪೀಪಾಯಿಯಲ್ಲಿ ಹುಳಿಯಲು ಬಿಟ್ಟು, ತಲೆತಲಾಂತರದಿಂದ ನೀರಿನ ಬದಲು ಕುಡಿದುಕೊಂಡು ಬಂದ ಸೈಡರ್ ಕಣೇ! ಸರಿ, ಬೇಡ ಅಂದರೆ ಕುಡಿಯಬೇಡ, ಬಾಯಿ ತೆಗೆಸಿ ಯಾರು ಸುರಿಯುತ್ತಾರೆ? ಅಷ್ಟಕ್ಕೇ ನಿಲ್ಲಲಿಲ್ಲ. ಮರ ಇರುವ ತನಕ ಪಾಪ ಇರುತ್ತದೆ ಎಂದು ಕೊಡಲಿ ಹಿಡಿದು ಹೋಗಿ, ನಿನ್ನ ಅಪ್ಪ ನೆಟ್ಟ ಸೇಬಿನ ತೋಟವನ್ನೆಲ್ಲ ಕಡಿದು ಕೆಡವಿದ. ಹಣ್ಣು ಜಗ್ಗುತ್ತಿದ್ದ ಮರಗಳು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡರು ಅನ್ನುತ್ತಾರಲ್ಲ, ಇವನಿಗೆ ನೆಗಡಿಯೂ ಬಂದಿರಲಿಲ್ಲ.

ಬಿದ್ದ ಹಣ್ಣು ಬಿಸಿಲಿಗೆ ಹುಳಿಯಿತು. ಹಂದಿಗಳು ಅದನ್ನು ತಿಂದು ಎರಡು ದಿನ ಅಂಗಳದಲ್ಲಿ ತೂರಾಡಿದವು. ಅವಕ್ಕೆ ಸಹಿ ಹಾಕಲು ಬರುವುದಿಲ್ಲವಲ್ಲ.

ಆಮೇಲೆ ನನ್ನ ಮರಗಳ ಹತ್ತಿರ ಬಂದ. ನಿನಗೆ ನೆನಪಿದೆಯೋ ಇಲ್ಲವೋ, ನಿನ್ನ ಅಪ್ಪ ಉಯಿಲು ಬರೆಯದೆ ಹೋದಾಗ ಊರಿನ ಮೂವರು ಹಿರಿಯರು ಬಂದು ವಿಧವೆಗೆ ಮೂರರಲ್ಲೊಂದು ಪಾಲು ಎಂದು ನನಗೆ ಅಳೆದು ಕೊಟ್ಟರು. ಪೂರ್ವದ ಕೋಣೆ, ನೆಲಮಾಳಿಗೆಯಲ್ಲಿ ಒಂದು ಮೂಲೆ, ಶನಿವಾರ ಒಂದು ದಿನ ಒಲೆಯಲ್ಲಿ ರೊಟ್ಟಿ ಸುಡುವ ಹಕ್ಕು, ಬಾವಿಗೆ ನಡೆದು ಹೋಗುವ ದಾರಿ, ಮತ್ತು ಗೋಡೆ ಪಕ್ಕದ ಏಳು ಸೇಬಿನ ಮರ. ಸೊಸೆಯಾಗಿ ಬಂದು ಮುದುಕಿಯಾದ ಮನೆಯಲ್ಲಿ ಎಲ್ಲಿ ಕಾಲಿಡಬಹುದು ಎಂದು ಸೀಮೆಸುಣ್ಣದಲ್ಲಿ ಗೆರೆ ಎಳೆದರಲ್ಲ ಎಂದು ಅವತ್ತು ಹೊಟ್ಟೆ ಉರಿದಿತ್ತು. ಈಗ ಅದೇ ಗೆರೆ ನನ್ನನ್ನು ಕಾಯುತ್ತಿದೆ. ನಾನು ಉಸಿರಾಡುವ ತನಕ ಆ ಏಳು ಮರಕ್ಕೆ ಜೋಥಮ್ ಕೊಡಲಿ ಹಾಕುವಂತಿಲ್ಲ. ನಾನು ಕುರ್ಚಿ ತಂದು ಮರದ ಬುಡದಲ್ಲಿ ಹಾಕಿಕೊಂಡು ಕಾಲುಚೀಲ ಹೆಣೆಯುತ್ತ ಕುಳಿತೆ.

"ಅಮ್ಮಾ, ಸ್ವಲ್ಪ ಆ ಕಡೆ ಸರಿ" ಅಂದ.

"ಯಾಕೋ?"

"ಇವನ್ನೂ ಕಡೀಬೇಕು. ವಿಷದ ಮರ ಇವು."

"ಈ ವಿಷ ಕುಡ್ದೇ ಆರಡಿ ಬೆಳ್ದಿದೀಯ. ಹೋಗು, ಒಳಗೆ ಹೋಗಿ ಕಾಲು ತೊಳ್ಕೋ."

ಹೋದ. ಆದರೆ ಬಿಡುವವನಲ್ಲ. ನೀನು ಲೋವೆಲ್‌ನ ಬಟ್ಟೆ ಗಿರಣಿಯಲ್ಲಿ ನಾಲ್ಕು ವರ್ಷ ಇದ್ದು ಉಪನ್ಯಾಸ ಕೇಳಿದವಳು, ಲೋಕ ಕಂಡವಳು ಎಂದು ಅವನಿಗೆ ನಿನ್ನ ಮೇಲೆ ಗೌರವವಿದೆ. ನೀನೊಂದು ಪತ್ರ ಬರೆದು ಅವನ ಕಿವಿ ಹಿಂಡು. ಅಳಿಯಂದಿರಿಗೆ ನನ್ನ ಆಶೀರ್ವಾದ. ಮಗುವಿಗೆ ಮುತ್ತು.

ನಿನ್ನ ಅಮ್ಮ,
ಹಲ್ಡಾ ಪೀಸ್ಲಿ

•

ರಾಕ್ ನದಿಯ ದಂಡೆ, ವಿಸ್ಕಾನ್ಸಿನ್ ಸೀಮೆ
26 ನವೆಂಬರ್ 1843

ಅಮ್ಮಾ,

ನಿನ್ನ ಪತ್ರ ಬಂತು. ನೀನು ಚೆನ್ನಾಗಿದ್ದೀಯೋ, ಸೊಂಟದ ನೋವು ಹೇಗಿದೆ ಎಂದು ಅದರಲ್ಲಿ ಎಲ್ಲಿಯೂ ಇರಲಿಲ್ಲ. ಬರೀ ಮರ, ಮರ, ಮರ.

ನಾನು ಅಣ್ಣನಿಗೆ ಬರೆಯುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡ. ತೋಟ ಕಡಿದದ್ದು ದುಡುಕೇ ಇರಬಹುದು, ಆದರೆ ಅವನು ಹೇಳುವುದೆಲ್ಲ ಹುಚ್ಚಲ್ಲ. ಇಲ್ಲಿ ಕೊಟ್ಟಿಗೆ ಎಬ್ಬಿಸಲು ನೆರೆಯವರನ್ನು ಕರೆದರೆ ತೊಲೆಗಿಂತ ಮೊದಲು ವಿಸ್ಕಿಯ ಬಕೆಟ್ ಬರುತ್ತದೆ. ಜೋಳ ಬೆಳೆದವನು ಅದನ್ನು ಸಂತೆಗೆ ಹೊರುವ ಬದಲು ಭಟ್ಟಿಗೆ ಕೊಟ್ಟು ಬರುತ್ತಾನೆ. ಅಲ್ಲಿ ಕುಳಿತು ನಗುವುದು ಸುಲಭ ಅಮ್ಮಾ.

ಏಳು ಮರಕ್ಕಾಗಿ ಮಗ ಸೊಸೆಯೊಂದಿಗೆ ದಿನಾ ಕಚ್ಚಾಡಬೇಕೇ? ಬಿಟ್ಟುಬಿಡು. ಸೈಡರ್ ಇಲ್ಲದಿದ್ದರೆ ನೀರು ಕುಡಿದರಾಯಿತು. ಈ ವಯಸ್ಸಿನಲ್ಲಿ ಕುಡಿತದ ಪರ ವಕಾಲತ್ತು ಹಿಡಿಯುವುದು ನಿನಗೆ ಶೋಭೆಯೇ?

ನಿನ್ನ ಅಳಿಯ ಆರಿನ್ ಗೋಧಿ ಮಾರಲು ಮಿಲ್ವಾಕಿಗೆ ಹೋಗಿದ್ದಾರೆ. ಜೊತೆಗೆ ಹೋದ ನೆರೆಮನೆಯವರು ಹೋದ ವಾರವೇ ಬಂದರು. ಇವರು ಇನ್ನೂ ಬಂದಿಲ್ಲ. ದಾರಿ ಬಹಳ ಕೆಟ್ಟಿದೆಯಂತೆ. ಪುಟ್ಟ ಹಲ್ಡಾಗೆ ಎರಡು ಹಲ್ಲು ಬಂದಿವೆ. ನಿನ್ನ ಹೆಸರಿಟ್ಟದ್ದಕ್ಕೋ ಏನೋ, ಅವನ್ನು ಉಪಯೋಗಿಸುತ್ತಾಳೆ.

ಲವೀನಾ

•

ಪೀಸ್ಲಿ ಗುಡ್ಡ
4 ಮಾರ್ಚ್ 1844

ಲವೀನಾ,

ನಿನಗೂ ಆ ಸಂಘದ ಗಾಳಿ ಬಡಿಯಿತೇ? ಕೋತಿ ತಾನು ಕೆಡುವುದಲ್ಲದೆ ವನವನ್ನೆಲ್ಲ ಕೆಡಿಸಿತು ಎಂಬ ಹಾಗೆ, ಜೋಥಮ್ ತೋಟ ಕೆಡಿಸಿ ಈಗ ವಿಸ್ಕಾನ್ಸಿನ್‌ವರೆಗೂ ಬಂದಿದ್ದಾನೆ. "ಕುಡಿತದ ಪರ ವಕಾಲತ್ತು!" ಊಟದ ಜೊತೆ ಒಂದು ಲೋಟ ಕುಡಿದು ಎದ್ದು ಪಾತ್ರೆ ತೊಳೆಯುವ ನಾನು ಕುಡುಕಿಯೇ? ನಿನ್ನ ಅಪ್ಪ ಬೆಳಗ್ಗೆ ಒಂದು ಲೋಟ ಕುಡಿದು ಸಂಜೆಯ ತನಕ ನೇಗಿಲು ಹಿಡಿಯುತ್ತಿದ್ದರು. ಇಂತಹ ಉತ್ತರ ಬರುತ್ತದೆ ಎಂದು ಗೊತ್ತಿದ್ದರೆ ಮೇಣದ ಬತ್ತಿಯನ್ನಾದರೂ ಉಳಿಸುತ್ತಿದ್ದೆ.

ಇಲ್ಲಿ ನಡೆದದ್ದು ಕೇಳು. ಜನವರಿಯಲ್ಲಿ, ಮೊಣಕಾಲುದ್ದ ಹಿಮದಲ್ಲಿ, ಪಾನನಿರೋಧ ಸಂಘದವರು ಸಾಲಾಗಿ ಬಂದು ನನ್ನ ಮರಗಳ ಕೆಳಗೆ ಮಂಡಿಯೂರಿದರು. ಮುಂದಾಳು ಪ್ರಾರ್ಥನಾ ಮಂದಿರದ ಹಿರಿಯ, ಡೀಕನ್ ವೀಲಾಕ್. ಅವನೇ ಸಂಘದ ಕಾರ್ಯದರ್ಶಿ, ಅವನೇ ಅಂಗಡಿಯವನು, ಅವನೇ ಅಂಚೆಯವನು. ಹಿಂದೆ ನೀರು ಬಿಟ್ಟು ಬೇರೇನೂ ಕುಡಿಯೆವೆಂದು ಆಣೆಯಿಟ್ಟ "ತಣ್ಣೀರು ಸೇನೆ"ಯ ಮಕ್ಕಳು, ನಮ್ಮೂರ ಗಿರಣಿ ಯಜಮಾನ ಹೊಲಿಸಿಕೊಟ್ಟ ಬಾವುಟ ಹಿಡಿದು, ಮೂಗು ಸೋರಿಸಿಕೊಂಡು. ವಿಧವೆ ಪೀಸ್ಲಿಯ ಕಲ್ಲು ಹೃದಯ ಕರಗಲಿ ಎಂದು ಗಟ್ಟಿಯಾಗಿ ಪ್ರಾರ್ಥನೆ. ನಾನು ಕಿಟಕಿ ತೆಗೆದೆ.

"ಡೀಕನ್ನೋರೇ, ಹೇಗೂ ಮಂಡಿ ಊರಿದೀರಿ, ಹಾಗೇ ನಮ್ಮ ಸೊಸೆ ರೊಟ್ಟಿ ಉಬ್ಬಲಿ ಅಂತಾನೂ ಒಂದು ಮಾತು ಹೇಳ್ಬಿಡಿ!"

ಡಾರ್ಕಸ್ ಹಿಂದಿನಿಂದ ಬಂದು ಕಿಟಕಿ ಹಾಕಿದಳು. "ಅತ್ತೆ, ಊರಲ್ಲಿ ಮುಖ ಎತ್ಕೊಂಡು ತಿರುಗೋ ಹಾಗೆ ಇಡ್ತೀರಾ ನಮ್ಮನ್ನ?" ಅಂದಳು. ಆ ಶನಿವಾರ ನನ್ನ ಸರದಿಗೆ ಒಲೆಯಲ್ಲಿ ಒಂದು ಸೌದೆಯೂ ಇರಲಿಲ್ಲ. ನಾನೇ ಹೊತ್ತು ತಂದೆ.

ಅವರ ಸಭೆಗಳಲ್ಲಿ ಈಗ ಇನ್ನೊಂದು ಹೊಸ ಆಟ ಶುರುವಾಗಿದೆ. ಯಾವ ಊರಿನ ಯಾವನು ಕುಡಿದು ಹಾಳಾದ, ಹೆಂಡತಿ ಮಕ್ಕಳ ಗತಿ ಏನಾಯಿತು ಎಂದು ಹೆಸರು ಹಿಡಿದು ಓದುತ್ತಾರೆ. ಕೇಳಿದವರು ಸುಖವಾಗಿ ಅಳುತ್ತಾರೆ. ಜೋಥಮ್ ಮನೆಗೆ ಬಂದು ಅದನ್ನೆಲ್ಲ ನಮಗೆ ಮತ್ತೊಮ್ಮೆ ಹೇಳುತ್ತಾನೆ, ಸೂಪು ತಣ್ಣಗಾಗುತ್ತದೆ.

ಹೋಗಲಿ. ನಿನಗೆ ಬುದ್ಧಿ ಬರಲು ಒಂದು ಉಪಾಯ ಮಾಡಿದ್ದೇನೆ. ನೆರೆಯ ಎಬೆನ್ ಕಿಂಬಲ್‌ನ ಅಣ್ಣನ ಮಗ ಹಿಮ ಕರಗುತ್ತಲೇ ನಿಮ್ಮ ಕಡೆಗೆ ಹೊರಡುತ್ತಾನೆ. ಅವನ ಕೈಯಲ್ಲಿ ಈ ಪತ್ರದ ಜೊತೆ ನನ್ನ ಏಳರಲ್ಲಿ ಒಂದಾದ, ನಿನ್ನ ಅಪ್ಪ ಬಾಗಿಲ ಮುಂದೆ ನೆಟ್ಟ ಮರದ ಕಸಿಕಡ್ಡಿ ಕಳಿಸುತ್ತೇನೆ. ಬುಡವನ್ನು ಆಲೂಗಡ್ಡೆಗೆ ಚುಚ್ಚಿ ಒದ್ದೆ ಪಾಚಿಯಲ್ಲಿ ಸುತ್ತಿದ್ದೇನೆ, ಒಣಗುವುದಿಲ್ಲ. ನದಿ ದಂಡೆಯಲ್ಲಿ ಕಾಡುಸೇಬಿನ ಗಿಡಗಳಿವೆ ಎಂದು ಬರೆದಿದ್ದೆಯಲ್ಲ, ಒಂದನ್ನು ಕಿತ್ತು ಬಾಗಿಲ ಮುಂದೆ ನೆಟ್ಟು ಕಸಿ ಕಟ್ಟು. ನಾನು ಸತ್ತ ಮಾರನೆಯ ದಿನ ಇಲ್ಲಿನ ಮರ ಉಳಿಯುವುದಿಲ್ಲ. ಅಲ್ಲಾದರೂ ಒಂದು ಇರಲಿ. ಅಳಿಯಂದಿರಿಗೆ ಹೇಳು, ಖುಷಿಪಡುತ್ತಾರೆ. ಮದುವೆಯ ದಿನ ನಮ್ಮ ಪೀಪಾಯಿಯನ್ನು ಬಿಟ್ಟು ಏಳಲೇ ಇಲ್ಲವಲ್ಲ, ರುಚಿ ಬಲ್ಲವರು. ನಿಮ್ಮ ಮನೆಯಲ್ಲಿ ಬುದ್ಧಿ ಇರುವವರು ಅವರೊಬ್ಬರೇ ಎಂದು ಕಾಣುತ್ತದೆ.

ಅಮ್ಮ

•

ರಾಕ್ ನದಿಯ ದಂಡೆ
16 ಜೂನ್ 1844

ಅಮ್ಮಾ,

ಕಿಂಬಲ್ ಹುಡುಗ ಮೇ ಕೊನೆಗೆ ಬಂದು ಕಟ್ಟು ಕೊಟ್ಟು ಹೋದ. ಒಂದು ತಪ್ಪಾಯಿತು. ಅವನು ಬಂದಾಗ ಮನೆಯಲ್ಲಿ ಗಡಿಬಿಡಿ. ಆಲೂಗಡ್ಡೆ ಕಂಡದ್ದೇ ಬೇಯಿಸಿಬಿಟ್ಟೆವು. ಕಡ್ಡಿಗಳನ್ನು ಕಟ್ಟು ಗಟ್ಟಿಯಾಗಿರಲಿ ಎಂದು ಇಟ್ಟದ್ದೆಂದುಕೊಂಡು ಒಲೆಗೆ ಹಾಕಿದೆ. ಪತ್ರ ಓದಿದ್ದು ಆಮೇಲೆ.

ಹೋಗಲಿ ಬಿಡು. ಈ ನೆಲಕ್ಕೆ ಆ ಮರ ಹತ್ತುತ್ತಿತ್ತೋ ಇಲ್ಲವೋ.

ಆರಿನ್ ಚೆನ್ನಾಗಿದ್ದಾರೆ. ಹಸುವನ್ನು ಮಾರಿದೆವು, ಅದರ ಚಾಕರಿ ಜಾಸ್ತಿಯಾಗಿತ್ತು. ಮಗು ನಡೆಯುತ್ತಾಳೆ. ಇನ್ನು ಬರೆಯಲು ಏನೂ ಇಲ್ಲ.

ಲವೀನಾ

•

ಪೀಸ್ಲಿ ಗುಡ್ಡ
5 ಆಗಸ್ಟ್ 1844

ಒಲೆಗೆ ಹಾಕಿದೆಯಾ!

ಕಸಿಕಡ್ಡಿಯನ್ನು! ಸೌದೆಯೆಂದುಕೊಂಡು! ಇದನ್ನು ಓದಿ ನಾನು ಬಾವಿಕಟ್ಟೆಯ ಮೇಲೆ ಕುಳಿತುಬಿಟ್ಟೆ. ಲಂಗದ ಅಂಚು ಹಿಡಿದು ಅಪ್ಪನ ಹಿಂದೆ ತಿರುಗುತ್ತಿದ್ದಾಗಲೇ ಕಸಿಯ ಮೇಣದ ಮಡಕೆ ಹಿಡಿಯುತ್ತಿದ್ದವಳು ನೀನು. ಯಾವ ಮೊಗ್ಗು ಮೇಲೆ, ಯಾವುದು ಕೆಳಗೆ ಎಂದು ಜೋಥಮ್‌ಗೆ ಹೇಳಿಕೊಡುತ್ತಿದ್ದವಳು. ಆಲೂಗಡ್ಡೆಗೆ ಚುಚ್ಚಿದ ಕಡ್ಡಿ ಕಂಡು ಸೌದೆ ಅಂದುಕೊಂಡಳಂತೆ! ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನಲು ನಾನು ಜೋಥಮ್ ಅಲ್ಲ. ನಾನು ಇದನ್ನು ನಂಬುವುದಿಲ್ಲ.

ನೇರವಾಗಿ ಹೇಳು. ಜೋಥಮ್ ನಿನಗೆ ಬರೆದನೇ? ಡಾರ್ಕಸ್ ಬರೆದಳೇ? ನನ್ನ ಹಿಂದೆ ನೀವು ಮೂವರೂ ಸೇರಿಕೊಂಡಿದ್ದೀರಾ?

ಇನ್ನು ಆ ಹಸು. ಹಾಲು ಕೊಡುವ ಹಸುವನ್ನು ಕೈಗೂಸಿರುವ ಮನೆಯವರು ಮಾರುತ್ತಾರೆಯೇ? ಇದು ಯಾರ ಬುದ್ಧಿ? ಅಳಿಯಂದಿರು ಇದಕ್ಕೆ ಹೇಗೆ ಒಪ್ಪಿದರು? ಮಿಲ್ವಾಕಿಯಿಂದ ಅವರು ಯಾವಾಗ ಬಂದರು ಎಂಬುದನ್ನೂ ನೀನು ಬರೆಯಲಿಲ್ಲ. ಕೇಳಿದ್ದಕ್ಕೆಲ್ಲ ಉತ್ತರ ಬರಲಿ. ಬರದಿದ್ದರೆ ನಾನೇ ದೋಣಿ ಹತ್ತಿ ಬರುತ್ತೇನೆ, ಸೊಂಟ ಹೋದರೆ ಹೋಗಲಿ.

ಅಮ್ಮ

•

ರಾಕ್ ನದಿಯ ದಂಡೆ
22 ಸೆಪ್ಟೆಂಬರ್ 1844

ಅಮ್ಮಾ,

ಹೌದು, ಗೊತ್ತಿತ್ತು. ಕಟ್ಟು ಬಿಚ್ಚಿದ ಕೂಡಲೇ ಗೊತ್ತಾಯಿತು. ಪಾಚಿಯ ವಾಸನೆಗೇ ಗೊತ್ತಾಯಿತು. ನಿನ್ನ ಪತ್ರವನ್ನು ಎರಡು ಸಲ ಓದಿ, ಒಂದೊಂದೇ ಕಡ್ಡಿ ಎತ್ತಿ ನನ್ನ ಕೈಯಾರೆ ಒಲೆಗೆ ಹಾಕಿದೆ. ಯಾರೂ ಹೇಳಿಕೊಡಲಿಲ್ಲ.

ಅವನು ಕುಡಿಯುತ್ತಾನೆ ಅಮ್ಮಾ. ನಿನ್ನ ರುಚಿ ಬಲ್ಲ ಅಳಿಯ. ಮಿಲ್ವಾಕಿಯಿಂದ ಬಂದದ್ದು ಕ್ರಿಸ್‌ಮಸ್ ಕಳೆದ ಮೇಲೆ. ಗೋಧಿಯೂ ಇಲ್ಲ, ಗಾಡಿಯೂ ಇಲ್ಲ. ಬೇಸಿಗೆಯಲ್ಲಿ ಹಸು ಹೋಯಿತು. ಕುಡಿಯದ ದಿನ ಅವರಷ್ಟು ಒಳ್ಳೆಯವರಿಲ್ಲ, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಬೇಲಿ ಕಟ್ಟುತ್ತಾರೆ. ಅದಕ್ಕೇ ಇನ್ನೂ ಸಿಟ್ಟು ಬರುತ್ತದೆ. ಪೂರ್ತಿ ಕೆಟ್ಟವರಾಗಿದ್ದರೆ ಬಿಟ್ಟು ಬರುವುದು ಸುಲಭವಾಗುತ್ತಿತ್ತು.

ಈಗ ಅವರಿಗೆ ಅಂಗಡಿಯಲ್ಲಿ ಯಾರೂ ಸಾಲ ಕೊಡುವುದಿಲ್ಲ, ಅಷ್ಟರಮಟ್ಟಿಗೆ ನನಗೆ ನೆಮ್ಮದಿ. ನಾನು ಆ ಮರ ನೆಡಬೇಕಿತ್ತೇ? ನನ್ನ ಬಾಗಿಲ ಮುಂದೆ, ನನ್ನ ಕೈಯಲ್ಲಿ, ನೀರು ಹೊಯ್ದು, ಪುಕ್ಕಟೆ ಸಿಗುವ ಪೀಪಾಯಿಯನ್ನು ಬೆಳೆಸಬೇಕಿತ್ತೇ? ಅಪ್ಪನ ಮರದ ಹಣ್ಣನ್ನು ಹಸಿಯಾಗಿ ಕಚ್ಚಿದರೆ ಮುಖ ಕಿವುಚುತ್ತದೆ. ಅದಕ್ಕೆ ಹಿಂಡುವ ಯಂತ್ರ ಬಿಟ್ಟರೆ ಬೇರೆ ದಾರಿ ಎಲ್ಲಿದೆ?

ಕಿಟಕಿ ತೆಗೆದು ನೀನು ಡೀಕನ್‌ಗೆ ಹೇಳಿದ ಮಾತನ್ನು ಓದಿ ಬೇರೆ ಯಾವ ಕಾಲದಲ್ಲಾದರೂ ಬಿದ್ದು ಬಿದ್ದು ನಗುತ್ತಿದ್ದೆ. ಅವತ್ತು ನಾನು ಪತ್ರ ಓದುತ್ತಿದ್ದ ಮೇಜಿನ ಇನ್ನೊಂದು ಬದಿಯಲ್ಲಿ ಅವರು ತಲೆ ಇಟ್ಟು ಮಲಗಿದ್ದರು.

ಅಣ್ಣನಿಗೆ ಮಾತ್ರ ಹೇಳಬೇಡ. ಹೇಳಿದರೆ ಮುಂದಿನ ಸಭೆಯಲ್ಲಿ ಆರಿನ್ ಟಾಸ್ಕರ್ ಎಂದು ಹೆಸರು ಹಿಡಿದು ಓದಿಸುತ್ತಾನೆ. ಊರೆಲ್ಲ ಸುಖವಾಗಿ ಅಳುತ್ತದೆ. ನನ್ನಿಂದ ಅದನ್ನು ತಡೆದುಕೊಳ್ಳಲಾಗುವುದಿಲ್ಲ.

ಲವೀನಾ

•

ರಾಕ್ ನದಿಯ ದಂಡೆ
2 ಫೆಬ್ರವರಿ 1845

ಅಮ್ಮಾ,

ಎರಡಕ್ಷರ ಬರೆಯಲು ಏನಾಗಿದೆ ನಿನಗೆ? ಅಕ್ಟೋಬರ್‌ನಿಂದ ಅಂಚೆಯವನ ಮುಖ ನೋಡಿ ನೋಡಿ ಸಾಕಾಯಿತು. ಮರಕ್ಕಾದರೆ ಪುಟಗಟ್ಟಲೆ ಬರೆಯುತ್ತೀಯ.

ಬೈಯುವುದಿದ್ದರೆ ಬೈದಾದರೂ ಬರೆ. ನಿನ್ನ ಅಳಿಯನನ್ನು ಬೈ, ಅಪ್ಪನ ಮರ ಸುಟ್ಟದ್ದಕ್ಕೆ ನನ್ನನ್ನು ಬೈ. ಸುಮ್ಮನಿರಬೇಡ. ನೀನು ಸುಮ್ಮನಿದ್ದರೆ ಜಗತ್ತಿನಲ್ಲಿ ಏನೋ ಕೆಟ್ಟಿದೆ ಅನ್ನಿಸುತ್ತದೆ.

ಲವೀನಾ

•

ಪೀಸ್ಲಿ ಗುಡ್ಡ
20 ಏಪ್ರಿಲ್ 1845

ನನ್ನ ಕಂದಾ,

ನಿನ್ನ ಸೆಪ್ಟೆಂಬರ್ ಪತ್ರ ಅರಗಿನ ಮುದ್ರೆ ಒಡೆಯದೆ ಬಂತು, ದೇವರು ದೊಡ್ಡವನು. ಅಂದೇ ಉತ್ತರ ಬರೆದೆ. ಬರೆದು ಮಡಚಿದ ಮೇಲೆ, ಇದನ್ನು ಯಾರ ಕೈಗೆ ಕೊಡಬೇಕು ಎಂದು ನೆನಪಾಯಿತು. ಡೀಕನ್ ವೀಲಾಕ್‌ನ ಅಂಗಡಿಯಲ್ಲಿ ಅಂಚೆಚೀಲ ರಾತ್ರಿಯೆಲ್ಲ ಇರುತ್ತದೆ, ಅವನ ಹೆಂಡತಿಗೆ ಮಡಚಿದ ಕಾಗದದೊಳಗೆ ಇಣುಕುವ ವಿದ್ಯೆ ಚೆನ್ನಾಗಿ ಗೊತ್ತು. ಒಲೆಗೆ ಹಾಕಿದೆ. ಮತ್ತೆ ಬರೆದೆ, ಮತ್ತೆ ಹಾಕಿದೆ. ಒಲೆಗೆ ಹಾಕುವ ಚಾಳಿ ನಮ್ಮ ವಂಶದಲ್ಲೇ ಇದೆ ಎಂದು ಕಾಣುತ್ತದೆ. ಏನೂ ಆಗಿಲ್ಲ ಎಂಬ ಹಾಗೆ ಬೇರೇನಾದರೂ ಬರೆಯಲು ಕೈ ಬರಲಿಲ್ಲ. ಈಗ ಕಿಂಬಲ್ ಹುಡುಗನನ್ನು ಮದುವೆಯಾಗಲು ಹೊರಟ ಹುಡುಗಿ ನಿಮ್ಮ ಕಡೆಗೆ ಬರುತ್ತಿದ್ದಾಳೆ. ಅವಳಿಗೆ ಓದು ಬರಹ ಬಾರದು, ಬಂಗಾರದಂಥ ಹುಡುಗಿ. ಇದನ್ನು ಅವಳ ಕೈಯಲ್ಲಿ ಕೊಡುತ್ತಿದ್ದೇನೆ.

ನನಗೆ ಗೊತ್ತಿರಲಿಲ್ಲ ಲವೀನಾ. ಕುಡಿದರೆ ಎಲ್ಲರೂ ಒಂದು ಲೋಟಕ್ಕೆ ನಿಲ್ಲಿಸುತ್ತಾರೆ ಎಂದೇ ನಾನು ತಿಳಿದಿದ್ದೆ, ನಿನ್ನ ಅಪ್ಪ ನಿಲ್ಲಿಸುತ್ತಿದ್ದರಲ್ಲ. ಜೋಥಮ್‌ನ ಮೇಲಿನ ಸಿಟ್ಟಿನಲ್ಲಿ ನೀನು ಬರೆದ ಒಂದೊಂದು ಮಾತನ್ನೂ ಅವನ ಬಾಯಿಂದ ಬಂದದ್ದೆಂದೇ ಓದಿದೆ. ಜೊತೆಯವರು ವಾರದ ಹಿಂದೆ ಬಂದ ದಾರಿ ಅವರೊಬ್ಬರಿಗೇ ಹೇಗೆ ಕೆಟ್ಟಿತು ಎಂದು ಕೇಳುವಷ್ಟು ಬುದ್ಧಿ ನನಗಿರಲಿಲ್ಲ. ಆಮೇಲೆ ನೆಲಮಾಳಿಗೆಗೆ ಹೋಗಿ ಲೋಟ ತುಂಬಿಸಿದೆ. ಕುಡಿಯದೆ ಕೆಳಗಿಟ್ಟೆ. ಪೀಪಾಯಿಯ ಬಿರಡೆ ತೆಗೆದು ನೆಲಕ್ಕೆ ಹರಿಯಬಿಟ್ಟೆ.

ಈಗ ಕೇಳು. ಹೋದ ವಾರ ಎಬೆನ್ ಕಿಂಬಲ್‌ನನ್ನು ಕರೆಸಿ, ನನ್ನ ಏಳು ಮರದ ಕೊಂಬೆಗಳನ್ನೂ ಗರಗಸದಲ್ಲಿ ಕೊಯ್ಯಿಸಿ, ಬುಡ ಉಳಿಸಿ, ಒಂದೊಂದು ಮೋಟಿಗೂ ಬಾಲ್ಡ್ವಿನ್ ತಳಿಯ ಕಸಿ ಹಾಕಿಸಿದೆ. ಬಾಗಿಲ ಮುಂದಿನ ಮರಕ್ಕೂ. ಹಿಂಡಿದರೆ ಯಾವ ಸೇಬೂ ಸೈಡರ್ ಆಗುತ್ತದೆ, ನನಗೆ ಗೊತ್ತು. ಆದರೆ ಬಾಲ್ಡ್ವಿನ್ ಸಿಹಿ ಹಣ್ಣು, ಮಾರ್ಚ್‌ವರೆಗೆ ಕೆಡುವುದಿಲ್ಲ, ಹಿಂಡುವವನ ಕೈಗೆ ಹೋಗುವ ಮೊದಲೇ ಮಕ್ಕಳ ಬಾಯಿಗೆ ಹೋಗುತ್ತದೆ. ನಿನ್ನ ಅಪ್ಪನ ಮರಕ್ಕೆ ಆ ಭಾಗ್ಯವಿರಲಿಲ್ಲ. ಕೊಂಬೆ ಬೀಳುವಾಗ ನಾನು ಒಳಗೆ ಹೋಗಲಿಲ್ಲ. ಅಲ್ಲೇ ನಿಂತು ಮೇಣದ ಮಡಕೆ ಹಿಡಿದಿದ್ದೆ.

ಏಣಿ ಹಿಡಿದವನು ಜೋಥಮ್. ತೆರೆದ ಬಾಯಿ ಮುಚ್ಚಿರಲೇ ಇಲ್ಲ.

"ಅಮ್ಮಾ, ನಿಜವಾಗ್ಲೂ? ಎಲ್ಲಾ ಮರಾನೂ?"

"ಏಣಿ ಸರಿಯಾಗಿ ಹಿಡ್ಕೋ, ಎಬೆನ್ ಬಿದ್ರೆ ಇನ್ನೊಬ್ಬನ್ನ ಕಸಿ ಮಾಡೋಕಾಗಲ್ಲ."

ಇದನ್ನೆಲ್ಲ ಯಾಕೆ ಮಾಡಿದೆ ಎಂದು ನಿನಗೊಬ್ಬಳಿಗೇ ಹೇಳುತ್ತೇನೆ. ಪೂರ್ವದ ಕೋಣೆ ನನ್ನದು ಎಂದು ಆ ಮೂವರು ಹಿರಿಯರು ಬರೆದುಕೊಟ್ಟರು. ಅದರಲ್ಲಿ ಯಾರು ಮಲಗಬೇಕು ಎಂದು ಬರೆಯಲಿಲ್ಲ. ನನ್ನ ಹಾಸಿಗೆ ದೊಡ್ಡದು, ಗೋಡೆಯ ಪಕ್ಕ ಮಗುವಿಗೆ ಜಾಗವಿದೆ. ನೀನು ಬರುವುದಿದ್ದರೆ ಬಾ. ಒಬ್ಬಳೇ ಬಂದರೂ ಸರಿ, ಅವರನ್ನು ಕರೆದುಕೊಂಡು ಬಂದರೂ ಸರಿ. ಬಂದವರು ನೆಲಮಾಳಿಗೆಗೆ ಇಳಿದರೆ ಆಲೂಗಡ್ಡೆಯೂ ಟರ್ನಿಪ್ಪೂ ಬಿಟ್ಟು ಬೇರೇನೂ ಸಿಗಬಾರದು. ನಾನು ಮಾಡಿದ್ದು ಇಷ್ಟಕ್ಕೇ.

ಈ ಕಟ್ಟಿನಲ್ಲಿ ಬಾಲ್ಡ್ವಿನ್ ಕಡ್ಡಿಗಳಿವೆ. ಆಲೂಗಡ್ಡೆ ಬೇಯಿಸಿಕೊಂಡು ತಿನ್ನಿ. ಕಡ್ಡಿಯನ್ನು ನೆಡುತ್ತೀಯೋ, ಒಲೆಗೇ ಹಾಕುತ್ತೀಯೋ, ನಿನ್ನ ಇಷ್ಟ. ಈ ಸಲ ನಾನು ಕೇಳುವುದಿಲ್ಲ.

ಅಮ್ಮ

•

ರಾಕ್ ನದಿಯ ದಂಡೆ
1 ಜೂನ್ 1845

ಅಮ್ಮಾ,

ಕಟ್ಟು ತಲುಪಿತು. ಆಲೂಗಡ್ಡೆ ತಿಂದೆವು. ಕಡ್ಡಿ ಒಲೆಗೆ ಹೋಗಲಿಲ್ಲ. ಕಾಡುಸೇಬಿನ ಗಿಡ ಅಗೆದು ತಂದವರು ಆರಿನ್. ನಾನು ಕಸಿ ಕಟ್ಟುವಾಗ ಅವರು ತಮ್ಮ ಕೈ ನಡುಗುತ್ತಿದ್ದರೂ ಮೇಣದ ಮಡಕೆ ಹಿಡಿದುಕೊಂಡಿದ್ದರು. ಮೂರು ವಾರದಿಂದ ಮನೆಯಲ್ಲೇ ಇದ್ದಾರೆ. ಇದಕ್ಕಿಂತ ಹೆಚ್ಚು ನಾನು ಹೇಳಲಾರೆ.

ಪೂರ್ವದ ಕೋಣೆಯ ಬಾಗಿಲಿಗೆ ಚಿಲಕ ಹಾಕಬೇಡ.

ಲವೀನಾ

•

ಪೀಸ್ಲಿ ಗುಡ್ಡ
6 ಜುಲೈ 1845

ಮಗಳೇ ಲವೀನಾ,

ಈ ಪತ್ರ ಅಂಚೆಯಲ್ಲಿ ಬರುತ್ತದೆ. ಆದ್ದರಿಂದ ಯಾರು ಬೇಕಾದರೂ ಓದಬಹುದಾದ ಸಂಗತಿಯನ್ನೇ ಬರೆಯುತ್ತೇನೆ. ಶ್ರೀಮತಿ ವೀಲಾಕ್ ಅವರೇ, ನಿಮಗೂ ನಮಸ್ಕಾರ.

ನಿನ್ನ ಪತ್ರ ಬಂತು. ಚಿಲಕ ಕಿತ್ತು ಹಾಕಿದ್ದೇನೆ.

ನಾನು ಈಗ ಊರಿನಲ್ಲಿ ಪ್ರಸಿದ್ಧಳು. ಒಂದೂವರೆ ವರ್ಷದ ಪ್ರಾರ್ಥನೆಯಿಂದ ವಿಧವೆ ಪೀಸ್ಲಿಯ ಕಲ್ಲು ಹೃದಯ ಕರಗಿತು ಎಂದು ಪಾನನಿರೋಧ ಸಂಘ ನಿರ್ಣಯ ಮಾಡಿದೆ. ಡೀಕನ್ ಅದನ್ನು ಪ್ರಾರ್ಥನಾ ಮಂದಿರದಲ್ಲಿ ಓದಿದ. "ಕಲ್ಲು" ಎಂಬಲ್ಲಿ ಒಮ್ಮೆ ನಿಲ್ಲಿಸಿ ನನ್ನ ಕಡೆ ನೋಡಿದ. ಎದ್ದು ನಿಂತು ನಾಲ್ಕು ಮಾತು ಹೇಳಬೇಕೆಂದು ನಾಲಿಗೆ ತುರಿಸಿತು. ನಾನು ಬೆಂಚು ಹಿಡಿದುಕೊಂಡು ಕುಳಿತೆ. ಕರಗಿದವರು ಬಾಯಿ ಮಾಡಬಾರದಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಜುಲೈ ನಾಲ್ಕರ ಸ್ವಾತಂತ್ರ್ಯ ದಿನದ ಮೆರವಣಿಗೆಯಲ್ಲಿ ನನ್ನನ್ನು ತಣ್ಣೀರು ಸೇನೆಯ ಬಂಡಿಯ ಮೇಲೆ ಕೂರಿಸಿದರು. ಒಂದು ಕಡೆ ನಾನು, ಇನ್ನೊಂದು ಕಡೆ ಬಿಳಿ ಬಣ್ಣ ಬಳಿದ ನೀರಿನ ಪಂಪು. ಕೊರಳಿಗೆ ಹೂವಿನ ಹಾರ. ಗಿರಣಿಯ ಗಂಟೆ ಬಾರಿಸಿದರು, ಮಕ್ಕಳು ಹಾಡಿದರು, ಹೆಂಗಸರು ಕರವಸ್ತ್ರ ಬೀಸಿದರು. ಡಾರ್ಕಸ್ ಕಣ್ಣೊರೆಸಿಕೊಂಡು, "ನಮ್ಮತ್ತೆ ಕಣ್ರೀ, ನಮ್ಮತ್ತೆ" ಎಂದು ಎಲ್ಲರಿಗೂ ತೋರಿಸುತ್ತಿದ್ದಳು. ಆ ಉರಿಬಿಸಿಲಿನಲ್ಲಿ ನನ್ನ ಸೊಂಟಕ್ಕೆ ಏನಾಯಿತು ಎಂದು ಒಬ್ಬರೂ ಕೇಳಲಿಲ್ಲ. ಪಂಪಿನಲ್ಲಿ ನೀರೂ ಇರಲಿಲ್ಲ.

ಒಂದು ಸಮಾಧಾನವಿದೆ. ರೈಲು ಕಾನ್ಕಾರ್ಡ್‌ವರೆಗೆ ಬಂದ ಮೇಲೆ ಬಾಸ್ಟನ್ ವರ್ತಕರು ಚಳಿಗಾಲದ ಸೇಬಿಗಾಗಿ ಮನೆಮನೆ ತಿರುಗುತ್ತಿದ್ದಾರೆ. ಹೋದ ತಿಂಗಳು ಒಬ್ಬ ಬಂದು ಜೋಥಮ್‌ನ ತೋಟ ಎಲ್ಲಿ ಎಂದು ಕೇಳಿದ. ಜೋಥಮ್ ಸೌದೆ ರಾಶಿಯ ಮುಂದೆ ನಿಂತಿದ್ದ. ರಾತ್ರಿ ಊಟಕ್ಕೆ ಕುಳಿತಾಗ, ಮುಂದಿನ ಮಾರ್ಚ್‌ನಲ್ಲಿ ನನ್ನ ಮರದಿಂದ ಒಂದೆರಡು ಕಡ್ಡಿ ಸಿಗಬಹುದೇ ಎಂದು ಮೆಲ್ಲಗೆ ಕೇಳಿದ. ಕೊಡುತ್ತೇನೆ ಎಂದಿದ್ದೇನೆ. ಕೊಡುವ ಮೊದಲು ಸ್ವಲ್ಪ ಕಾಯಿಸುತ್ತೇನೆ.

ಮೆರವಣಿಗೆ ಮುಗಿದು ಬಂಡಿಯಿಂದ ಇಳಿಸುವಾಗ ಅವನು ನನ್ನ ಕೈ ಬಿಡಲಿಲ್ಲ. ಕಣ್ಣಲ್ಲಿ ನೀರಿತ್ತು, ಚಿಕ್ಕವನಿದ್ದಾಗ ಬಹುಮಾನ ತಂದ ದಿನದ ಮುಖ.

"ಅಮ್ಮಾ, ನಿಜ ಹೇಳು. ನಿನ್ನ ಮನಸ್ಸು ಬದಲಾಯಿಸಿದ್ದು ಯಾವುದು?"

ನಾನು ಅವನ ಮುಖ ನೋಡಿದೆ. ನಿನ್ನ ಮುಖವೂ ಕಾಣಿಸಿತು.

"ನಿನ್ನ ಪ್ರಾರ್ಥನೆ ಕಣೋ" ಅಂದೆ.

ಅಮ್ಮ